ಮೂರು ಕಿಲೋಮೀಟರಿನ ಕಾರು

ನಮ್ಮ ಕಾರು ದಿನಕ್ಕೆ ಓಡುವುದು ಮೂರೇ ಕಿಲೋಮೀಟರು. ಮಗಳನ್ನು ಸ್ಕೂಲಿಗೆ ಬಿಟ್ಟು, ಹಾಲು ತಗೊಂಡು ಮನೆ. ಆರು ವರ್ಷವಾದರೂ ಮೀಟರ್ ಏಳು ಸಾವಿರ ದಾಟಿಲ್ಲ. ಎಂಜಿನ್ ಹೊಸದರ ಹಾಗೇ ಇದೆ ಅಂತ ಬೀಗುತ್ತಿದ್ದೆ.

ಮೊನ್ನೆ ಮೆಕ್ಯಾನಿಕ್ ಆಯಿಲ್ ಮುಚ್ಚಳ ತಿರುಗಿಸಿ ನನ್ನ ಕೈಗೇ ಕೊಟ್ಟ. ಒಳಗೆಲ್ಲ ಕಾಫಿ ಕೆನೆಯಂಥ ಲೋಳೆ.

"ಏನಪ್ಪಾ ಇದು?"

"ನೀರು ಸಾರ್. ಕೂಲಂಟ್ ಇಳಿದಿಲ್ಲ, ಗ್ಯಾಸ್ಕೆಟ್ ಸರಿಯಾಗೇ ಇದೆ. ನೀವು ಗಾಡೀನ ಬಿಸಿಯಾಗೋಕೇ ಬಿಡಲ್ಲ, ಅಷ್ಟೇ."

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದಂತೆ! ಬಹುಪಾಲು ಆವಿಯಾಗಿ ಸೈಲೆನ್ಸರ್‌ನಿಂದ ಆಚೆ ಹೋಗುತ್ತದೆ. ಸ್ವಲ್ಪ ಮಾತ್ರ ಪಿಸ್ಟನ್ ಪಕ್ಕದಿಂದ ನುಸುಳಿ ಆಯಿಲ್ ಸೇರುತ್ತದೆ, ಜೊತೆಗೆ ಉರಿಯದ ಪೆಟ್ರೋಲೂ. ಆಯಿಲ್ ಚೆನ್ನಾಗಿ ಕಾದರೆ ಎರಡೂ ಆರಿಹೋಗುತ್ತವೆ. ಐದು ನಿಮಿಷದ ಓಟದಲ್ಲಿ ಅದು ಕಾಯುವುದೆಲ್ಲಿ? ಹಾಲು ಕಾಯುವ ಮುಂಚೆಯೇ ದಿನಾ ಒಲೆ ಆರಿಸಿದ ಹಾಗೆ. ತೆಳುವಾದ ಆಯಿಲ್‌ನಿಂದ ಸವೆತ, ಸೈಲೆನ್ಸರಿನಲ್ಲಿ ನಿಂತ ನೀರಿನಿಂದ ತುಕ್ಕು. ಸ್ಟಾರ್ಟ್ ಮಾಡಲು ಖರ್ಚಾದ ಕರೆಂಟೂ ಬ್ಯಾಟರಿಗೆ ಪೂರ್ತಿ ವಾಪಸ್ ಬರುವುದಿಲ್ಲ. ಬಿಎಸ್6 ಡೀಸೆಲ್ ಆದರೆ ಹೊಗೆಯ ಫಿಲ್ಟರ್‌ನಲ್ಲಿ ಮಸಿ ಕಟ್ಟಿಕೊಳ್ಳುವ ಫಜೀತಿ ಬೇರೆ.

ಇನ್ನು ಆಯಿಲ್ ಬದಲಾವಣೆ ಕಿಲೋಮೀಟರ್ ನೋಡಿ ಅಲ್ಲ, ಕ್ಯಾಲೆಂಡರ್ ನೋಡಿ. ಭಾನುವಾರ ರಿಂಗ್ ರೋಡಿನಲ್ಲಿ ಅರ್ಧ ಗಂಟೆ ಓಟ.

ಹಾಲಿಗೆ ನಡೆದೇ ಹೋಗುತ್ತಿದ್ದೇನೆ. ನನ್ನ ಎಂಜಿನ್ನೂ ಬಿಸಿಯಾಗಿ ಬಹಳ ದಿನವಾಗಿತ್ತು.