ಓದಾಕೂ ಪರ್ಮಿಷನ್

ಊರು ಮಾಗಳ. ಹಳೇ ಲ್ಯಾಪ್‌ಟಾಪಿಗೆ ಅಳಿಯ ಲಿನಕ್ಸ್ ಹಾಕಿಕೊಟ್ಟಿದ್ದಾನೆ. ವೈಫೈ ಕಾರ್ಡು ಯಾವುದೆಂದು ತಿಳಿಯಲು ‘ಎಲ್‌ಎಸ್‌ಪಿಸಿಐ’ ಎಂದು ಟೈಪಿಸಿ, ವಿವರ ಹೆಚ್ಚು ಬರಲೆಂದು ಎರಡು ‘ವಿ’ ಸೇರಿಸಿದೆ. ತಯಾರಕರ ಹೆಸರು, ಮಾದರಿ ಎಲ್ಲ ಬಂತು. ‘ಕೇಪಬಿಲಿಟೀಸ್’ ಎಂಬ ಸಾಲಿನ ಮುಂದೆ ಮಾತ್ರ ‘ಆಕ್ಸೆಸ್ ಡಿನೈಡ್’. ರೂಟ್ ಅಧಿಕಾರ ಕೊಡುವ ‘ಸುಡೋ’ ಹಾಕಿದರೆ ಅದೂ ಬಂತು.

“ಓದಾಕೂ ಪರ್ಮಿಷನ್ ಬೇಕೇನ್ ಮಾವಾ?” ಅಂದ ಅಳಿಯ.

ಬರೆಯಬೇಡ ಅಂದರೆ ಒಪ್ಪಬಹುದು. ಸರ್ವೆ ನಂಬರ್ ಗೊತ್ತಿದ್ದರೆ ಸರ್ಕಾರದ ಭೂದಾಖಲೆ ತಾಣ ‘ಭೂಮಿ’ಯಲ್ಲಿ ಯಾರ ಪಹಣಿಯನ್ನು ಯಾರು ಬೇಕಾದರೂ ನೋಡಬಹುದು; ತಿದ್ದಲು ಮಾತ್ರ ಅಧಿಕಾರಿಯ ಬೆರಳಚ್ಚು ಬೇಕು. ನೋಡಿದ ಮಾತ್ರಕ್ಕೆ ಹೊಲದ ಬದು ಸರಿಯುವುದಿಲ್ಲವಲ್ಲ.

ಲಿನಕ್ಸ್ ಕರ್ನಲ್ ಸಾಧನಗಳ ವಿವರವನ್ನು ಫೈಲುಗಳಾಗಿ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಪ್ರತಿ ಪಿಸಿಐ ಸಾಧನಕ್ಕೂ ‘ಕಾನ್ಫಿಗ್’ ಎಂಬ ಫೈಲು ಇದೆ. ಅದರ ಅನುಮತಿ 644, ಅಂದರೆ ಎಲ್ಲರೂ ಓದಬಹುದು. ಗಾತ್ರ 256 ಬೈಟು, ಪಿಸಿಐ ಎಕ್ಸ್‌ಪ್ರೆಸ್ ಆದರೆ 4096. ನಾನು ಓದಿದರೆ 64 ಬೈಟಿಗೆ ಮುಗಿದುಹೋಗುತ್ತದೆ. ಎರರ್ ಇಲ್ಲ, ಬೈಗುಳವಿಲ್ಲ. ಕರ್ನಲ್ ಅಷ್ಟು ಕೊಟ್ಟು ಸುಮ್ಮನಾಗುತ್ತದೆ. ‘ಆಕ್ಸೆಸ್ ಡಿನೈಡ್’ ಎಂಬುದು ಎಲ್‌ಎಸ್‌ಪಿಸಿಐ ತಾನೇ ಊಹಿಸಿ ಬರೆದ ಮಾತು!

ಸೊನ್ನೆಯಿಂದ ಎಣಿಸಿದರೆ 52ನೆಯ ಬೈಟಿನಲ್ಲಿ ಆ ಕೇಪಬಿಲಿಟಿ ಪಟ್ಟಿ ಎಲ್ಲಿ ಶುರುವಾಗುತ್ತದೆ ಎಂಬ ವಿಳಾಸವಿದೆ. ಅದನ್ನು ನಾನು ಓದಬಹುದು. ಆ ವಿಳಾಸ ತೋರಿಸುವ ಜಾಗ 64ರ ಆಚೆಗೆ. ಚೇಷ್ಟೆಯೇ ಇದು?

ಕರ್ನಲ್ಲಿನ ಮೂಲ ಕೋಡಿನಲ್ಲೇ ಕಾರಣ ಬರೆದಿದ್ದಾರೆ. ಮೊದಲ 64 ಬೈಟುಗಳ ವಿನ್ಯಾಸ ಮಾನಕದ್ದು: ತಯಾರಕರ ಗುರುತು (ಇಂಟೆಲ್‌ಗೆ 8086, ಫೈಲಿನಲ್ಲಿ 86 80 ಎಂದು ತಿರುಗಿ ಕಾಣುತ್ತದೆ), ಸಾಧನದ ಗುರುತು, ಹೀಗೆ. ಅದರಾಚೆ ತಯಾರಕರ ಇಷ್ಟ. ಅಲ್ಲಿ ಏನೂ ಇಲ್ಲದ ಜಾಗವನ್ನು ಓದಹೋದರೆ ಕೆಲವು ಚಿಪ್ಪುಗಳು ಅಲ್ಲೇ ಸ್ತಬ್ಧವಾಗುತ್ತವಂತೆ. ಉದಾಹರಣೆಗೆ ಹೆಸರಿಸಿರುವುದು ತೊಂಬತ್ತರ ದಶಕದ ಇಂಟೆಲ್ ಪಿಐಐಎಕ್ಸ್4. ಅಂದರೆ ಗುಟ್ಟು ಕಾಯಲು ಹಾಕಿದ ಬೇಲಿ ಇದಲ್ಲ. ಯಂತ್ರಾಂಶದಲ್ಲಿ ಓದುವುದೂ ಒಂದು ಕ್ರಿಯೆ. ಓದಿದ ಕೂಡಲೇ ತಮ್ಮನ್ನು ತಾವೇ ಅಳಿಸಿಕೊಳ್ಳುವ ಸ್ಥಿತಿ ರಿಜಿಸ್ಟರುಗಳೂ ಸಾಧನಗಳಲ್ಲಿ ಇವೆ.

ಆದರೂ ಸಮಾಧಾನವಿಲ್ಲ. ಬೇಲಿ ದಾಟಲು ಬೇಕಾದದ್ದು ‘ಕ್ಯಾಪ್ ಸಿಸ್ ಅಡ್ಮಿನ್’. ಅದೇ ಅಧಿಕಾರದಲ್ಲಿ ಡಿಸ್ಕ್ ಮೌಂಟ್ ಮಾಡುವುದು, ಯಂತ್ರದ ಹೆಸರು ಬದಲಿಸುವುದು, ಇನ್ನೂ ಏನೇನೋ ಸೇರಿವೆ. ಒಂದು ಪಟ್ಟಿ ಓದಲಿಕ್ಕೆ ಇಷ್ಟೆಲ್ಲ ಕೊಡಬೇಕೆ? ಇತ್ತ ರೂಟ್‌ಗೂ ಕಡಿವಾಣವಿದೆ: 2019ರಲ್ಲಿ ಕರ್ನಲ್ 5.4ರೊಂದಿಗೆ ಬಂದ ‘ಲಾಕ್‌ಡೌನ್’ ಚಾಲೂ ಇದ್ದರೆ ರೂಟ್ ಕೂಡ ಈ ಫೈಲಿಗೆ ಬರೆಯುವಂತಿಲ್ಲ. ಓದಲು ಮಾತ್ರ ತಡೆಯಿಲ್ಲ.

ಅಳಿಯ ಅದೇ ಲ್ಯಾಪ್‌ಟಾಪಿನಲ್ಲಿ ವರ್ಚುವಲ್ ಯಂತ್ರವೊಂದನ್ನು ಓಡಿಸಿದ. ಅದರೊಳಗಿನ ಪಟ್ಟಿಯಲ್ಲಿ ಮತ್ತೆ ಪಿಐಐಎಕ್ಸ್4! ಇದು ಬರೀ ಸಾಫ್ಟ್‌ವೇರಿನ ವೇಷ, ಸ್ತಬ್ಧವಾಗಲು ಚಿಪ್ಪೇ ಇಲ್ಲ. ಅಲ್ಲೂ ನನಗೆ ಸಿಕ್ಕಿದ್ದು 64 ಬೈಟು.