ಕಾಕಾನ ಲ್ಯಾಪ್‌ಟಾಪಿಗೆ ಯಾವ ಲಿನಕ್ಸ್?

ಕಾಗವಾಡದಾಗ ನಮ್ಮ ಕಾಕಾಂದು ಒಂದು ಸಣ್ಣ ಅಂಗಡಿ. ಅರ್ಜಿ ಟೈಪ್ ಮಾಡಿಕೊಡೋದು, ಝೆರಾಕ್ಸ್ ತೆಗೆಯೋದು, ಉತಾರ ಪ್ರಿಂಟ್ ಕೊಡೋದು ಕೆಲಸ. ತಹಶೀಲ್ದಾರ ಕಚೇರಿಗೆ ಕನ್ನಡದ ಅರ್ಜಿ, ಮಿರಜ-ಸಾಂಗಲಿ ಕಡೆಯ ಪತ್ರಕ್ಕೆ ಮರಾಠಿ. ಎರಡೂ ಒಂದೇ ಹಳೇ ಲ್ಯಾಪ್‌ಟಾಪಿನಲ್ಲಿ. ಅದಕ್ಕಿರೋದು 4 ಜಿಬಿ ರ‍್ಯಾಮ್.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಈ ಹಳೇ ಯಂತ್ರಕ್ಕೆ ಆಗಿಬರೋದಿಲ್ಲ. "ಹೊಸಾದು ತಗೊಳ್ಳಾಕ ರೊಕ್ಕ ಎಲ್ಲೈತಿ? ಕಲತಾಂವ ನೀನ ಅದಿ, ಏನರ ಮಾಡು" ಅಂದ ಕಾಕಾ.

ದೀಪಾವಳಿಗೆ ಊರಿಗೆ ಹೋದಾಗ ಲಿನಕ್ಸ್ ಹಾಕಿದೆ. ಎಲ್ಲಕ್ಕಿಂತ ಹೊಸಾದು, ನೋಡಾಕ ಚಂದ ಇದ್ದದ್ದು ಆರಿಸಿದೆ. ತಪ್ಪಿದ್ದು ಅಲ್ಲೇ.

ಮರುದಿನ ಒಬ್ಬ ಆಯಿ ವಿಧವಾ ವೇತನದ ಅರ್ಜಿಗೆ ಬಂದು ಕೂತಳು. ಕಾಕಾ ಹಳೇ ಅರ್ಜಿ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೆರೆ. "ಇದ್ಯಾಕೋ ತಮ್ಮಾ, ಹಿಂಗ ಬರಾಕತ್ತೈತಿ?" ವರ್ಷಗಟ್ಟಲೆ ಕೂಡಿಸಿಟ್ಟ ನೂರಾರು ನಮೂನೆ ಎಲ್ಲಾ ಹಾಗೇ. ಬ್ರೌಸರ್ ತೆರೆದರೆ ಯಂತ್ರ ನಿಂತೇ ಬಿಡುತ್ತಿತ್ತು. ಆಯಿ ಬರಿಗೈಲಿ ವಾಪಸ್ ಹೋದಳು. ಕಾಕಾ ನನ್ನ ಮುಖ ನೋಡಲಿಲ್ಲ.

ಆ ರಾತ್ರಿ ಕೂತು ಓದಿದೆ. ಹಳೇ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಕೂಡಿಸುತ್ತಿದ್ದವು. ಆ ಫಾಂಟ್ ಇಲ್ಲದಿದ್ದರೆ ಅಕ್ಷರ ಕೆಡುತ್ತವೆ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಅದನ್ನು ಮೊದಲೇ ಮಾಡಬೇಕಿತ್ತು. ಆವೃತ್ತಿಯ ವಿಷಯವೂ ಆಗಲೇ ತಿಳಿದದ್ದು. ಉಬುಂಟು ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಎಲ್‌ಟಿಎಸ್ ಅನ್ನೋದನ್ನ ಬಿಡುತ್ತದೆ, ಅದಕ್ಕೆ 5 ವರ್ಷ ಅಪ್‌ಡೇಟ್. ನಡುವೆ ಬರುವ ಆವೃತ್ತಿಗಳಿಗೆ 9 ತಿಂಗಳು ಮಾತ್ರ. ಅಂಗಡಿಗೆ ಬೇಕಾದ್ದು ಹೊಸಾದಲ್ಲ, ಬಾಳಿಕೆ ಬರೋದು.

ಎರಡನೇ ಸಲ ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿ ಆರಿಸಿದೆ. ಹಗುರ, 2029ರವರೆಗೆ ಬೆಂಬಲ, ಕೆಳಗೆ ಪಟ್ಟಿ, ಎಡಕ್ಕೆ ಮೆನು. ಕಾಕಾನಿಗೆ ರೂಢಿಯಾದ ಹಾಗೇ. ಈ ಸಲ ನೇರ ಹಾಕಲಿಲ್ಲ. "ಕಾಕಾ, ಎರಡು ದಿನ ಪೆನ್‌ಡ್ರೈವಿನಿಂದನ ನಡಸಿ ನೋಡು" ಅಂದೆ. ವೈಫೈ, ಪ್ರಿಂಟರ್, ಕನ್ನಡ, ಮರಾಠಿ ಎಲ್ಲಾ ನೋಡಿದೆವು. ಐಬಸ್‌ನಲ್ಲಿ ಕನ್ನಡಕ್ಕೆ ಕೆಜಿಪಿ ಕೀಲಿಮಣೆ ಇದೆ. ನುಡಿ ತಂದ ಕನ್ನಡ ಗಣಕ ಪರಿಷತ್ತಿನದೇ ವಿನ್ಯಾಸ ಅದು. ಕಾಕಾನ ಬೆರಳು ಹೊಸದಾಗಿ ಕಲಿಯೋದು ಉಳಿಯಿತು. ನಮೂನೆಗಳನ್ನು ಯೂನಿಕೋಡ್‌ಗೆ ಬದಲಿಸಿ, ಅಲ್ಲಲ್ಲಿ ಕೆಟ್ಟ ಒತ್ತಕ್ಷರಗಳನ್ನು ಕೈಯಿಂದ ತಿದ್ದಿದೆವು. ಆಮೇಲೆ ಹಾಕಿದ್ದು.

ನಿಮ್ಮಲ್ಲೂ ಹಳೇ ಯಂತ್ರ ಇದ್ದರೆ ಮೊದಲು ಕಡತಗಳ ಪ್ರತಿ ಬೇರೆ ಕಡೆ ಇಡ್ರಿ. ರ‍್ಯಾಮ್ 2 ಜಿಬಿ ಇದ್ದರೆ ಲುಬುಂಟುವಿನಂಥ ಇನ್ನೂ ಹಗುರಾದದ್ದು ನೋಡ್ರಿ. 32 ಬಿಟ್ ಯಂತ್ರವಾದರೆ ಇನ್ನೂ ಹುಷಾರು. 2025ರಲ್ಲಿ ಬಂದ ಡೆಬಿಯನ್ 13 ಅದಕ್ಕೆ ಇನ್‌ಸ್ಟಾಲರ್ ಕೊಡೋದು ನಿಲ್ಲಿಸಿದೆ. ಯಾವುದು ಒಳ್ಳೇದು ಅಂತ ಕೇಳೋದಕ್ಕಿಂತ ಅದರ ಮುಂದೆ ದಿನಾ ಕೂಡೋರು ಯಾರು, ಕೆಟ್ಟರೆ ಬಂದು ನೋಡೋರು ಯಾರು ಅಂತ ಕೇಳ್ರಿ.

ಆಯಿಯನ್ನು ಕಾಕಾನೇ ಮನೆಗೆ ಹೋಗಿ ಕರೆದುಕೊಂಡು ಬಂದ. ಅರ್ಜಿ ಪ್ರಿಂಟ್ ಆಗಿ ಬಂತು. ರೊಕ್ಕ ತಗೊಳ್ಳಲಿಲ್ಲ.