ಮಾಮು ಮರೆತದ್ದು, ಮನೆ ಮರೆಯದ್ದು

ಉರ್ದು ಕಾವ್ಯ ಓದಿ ಬೆಳೆದ ನಮಗೆ ‘ಜುನೂನ್’ ಎಂಬ ಮಾತು ಚಿಕ್ಕಂದಿನಲ್ಲಿ ಬಲು ಚೆಂದ ಕೇಳಿಸುತ್ತಿತ್ತು. ಶಾಯರರ ಲೋಕದಲ್ಲಿ ಅದು ಪ್ರೇಮದ ಪರಾಕಾಷ್ಠೆ. ಅರಬಿಯಲ್ಲಿ ಆ ಪದದ ಮೂಲಾರ್ಥ ಮುಚ್ಚುವುದು, ಮರೆಮಾಡುವುದು ಎಂದು ಆಮೇಲೆ ಮೇಷ್ಟ್ರೊಬ್ಬರು ಹೇಳಿಕೊಟ್ಟರು. ಮಜ್ನೂನ್ ಎಂದರೆ ಬುದ್ಧಿಗೆ ಮುಸುಕು ಬಿದ್ದವನು. ಕಣ್ಣಿಗೆ ಕಾಣದ ಜಿನ್ನ್, ಗರ್ಭದಲ್ಲಿ ಅಡಗಿರುವ ಶಿಶು ‘ಜನೀನ್’ ಎಲ್ಲವೂ ಅದೇ ಮೂಲದವು. ಆ ಮುಸುಕು ನೆನಪಿನ ಮೇಲೂ ಬೀಳುತ್ತದೆಯೇ? ಈ ಪ್ರಶ್ನೆ ನಮಗೆ ಎದುರಾದದ್ದು ಕಾವ್ಯದಲ್ಲಲ್ಲ, ನಮ್ಮ ಸಣ್ಣ ಮಾಮುವಿನ ಮನೆಯಲ್ಲಿ.

ಮಾಮುವಿಗೆ ಇರುವುದು ಬೈಪೋಲಾರ್ ಕಾಯಿಲೆ. ಕೆಲವು ವಾರ ಮನಸ್ಸು ಮುಗಿಲಿಗೇರುತ್ತದೆ. ವೈದ್ಯರು ಅದನ್ನು ಮೇನಿಯಾ, ಉನ್ಮಾದ ಎನ್ನುತ್ತಾರೆ. ಇನ್ನು ಕೆಲವು ತಿಂಗಳು ಪಾತಾಳಕ್ಕಿಳಿಯುತ್ತದೆ. ನಡುವಿನ ಕಾಲದಲ್ಲಿ ಅವರು ಎಲ್ಲರಂತೆ ಅಂಗಡಿ, ಮನೆ, ಮಕ್ಕಳು ಎಂದು ಇರುತ್ತಾರೆ.

ಒಂದು ವರ್ಷ ಆರು ರಾತ್ರಿ ನಿದ್ದೆಯಿಲ್ಲದೆ ಕಳೆದ ಮಾಮು, ಬಟ್ಟೆ ಅಂಗಡಿಯ ಮಾಲನ್ನೆಲ್ಲ ಬೀದಿಯಲ್ಲಿ ಹಂಚಿಬಿಟ್ಟರು. ಸಾಲ ತಂದು ಹನ್ನೊಂದು ಹೊಲಿಗೆ ಯಂತ್ರ ಕೊಂಡರು. ಮಗಳ ನಿಶ್ಚಿತಾರ್ಥಕ್ಕೆ ಬಂದ ಬೀಗರನ್ನು ಬೈದು ಕಳಿಸಿದರು. ಗುಣವಾದ ಮೇಲೆ ಕೇಳಿದರೆ, ಆ ರಾತ್ರಿಗಳ ಬೆಳಕು, ಮೊಹಲ್ಲಾದ ಹೆಣ್ಣುಮಕ್ಕಳಿಗೆಲ್ಲ ಕೆಲಸ ಕೊಡುವ ಯೋಜನೆ, ಎದೆಯಲ್ಲಿ ಉಕ್ಕುತ್ತಿದ್ದ ಖುಷಿ ಎಲ್ಲವೂ ಅವರಿಗೆ ನೆನಪಿತ್ತು. ಬೀಗರನ್ನು ಬೈದದ್ದು ಮಾತ್ರ ಇರಲಿಲ್ಲ. ಮನೆಯವರಿಗೆ ನೆನಪಿದ್ದದ್ದು ಅದೊಂದೇ. “ಎಲ್ಲ ನಾಟಕ” ಎಂದು ದೊಡ್ಡ ಮಾಮು ಇವತ್ತಿಗೂ ಹೇಳುತ್ತಾರೆ.

ನಾಟಕವಲ್ಲ. ಉನ್ಮಾದದಲ್ಲಿ ಗಮನ ಒಂದೆಡೆ ನಿಲ್ಲುವುದಿಲ್ಲ. ಗಮನ ನಿಲ್ಲದ ಕಡೆ ನೆನಪೂ ಸರಿಯಾಗಿ ಅಚ್ಚಾಗುವುದಿಲ್ಲ. ಅಚ್ಚಾದದ್ದು ಗಟ್ಟಿಯಾಗಲು ನಿದ್ದೆ ಬೇಕು, ಅದೂ ಇಲ್ಲ. ತೀವ್ರ ಸ್ಥಿತಿಯಲ್ಲಿ ಕೊಡುವ ಕೆಲವು ಔಷಧಿಗಳು, ವಿದ್ಯುತ್ ಚಿಕಿತ್ಸೆ ಆ ದಿನಗಳನ್ನು ಇನ್ನಷ್ಟು ಮಸುಕಾಗಿಸಬಹುದು. ಒಂದು ಮನಃಸ್ಥಿತಿಯಲ್ಲಿ ಮನಸ್ಸಿಗೆ ಬಂದದ್ದು ಅದೇ ಮನಃಸ್ಥಿತಿ ಮರಳಿದಾಗ ಸುಲಭವಾಗಿ ನೆನಪಾಗುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕರು 1977ರಲ್ಲೇ ಇಂಥ ರೋಗಿಗಳಲ್ಲಿ ಗಮನಿಸಿದ್ದರು. ಹಾಗೆಂದು ಎಲ್ಲರೂ ಎಲ್ಲವನ್ನೂ ಮರೆಯುವುದಿಲ್ಲ. ಕೆಲವರಿಗೆ ಚೂರುಚೂರಾಗಿ, ಕೆಲವರಿಗೆ ಬಹುಪಾಲು ನೆನಪಿರುತ್ತದೆ. ನೆನಪಿದ್ದೂ ನಾಚಿಕೆಯಿಂದ ಇಲ್ಲವೆನ್ನುವವರೂ ಇದ್ದಾರೆ.

ಅಮೆರಿಕದ ಮನಃಶಾಸ್ತ್ರಜ್ಞೆ ಕೇ ರೆಡ್‌ಫೀಲ್ಡ್ ಜಾಮಿಸನ್ ಅವರಿಗೂ ಇದೇ ಕಾಯಿಲೆ. 1995ರಲ್ಲಿ ಬಂದ ‘ಆ್ಯನ್ ಅನ್‌ಕ್ವಯಟ್ ಮೈಂಡ್’ ಎಂಬ ಆತ್ಮಕಥೆಯಲ್ಲಿ ಅವರು ಉನ್ಮಾದದ ದಿನಗಳ ಖರೀದಿಗಳ ಬಗ್ಗೆ ಬರೆದಿದ್ದಾರೆ. ಹಾವು ಕಡಿದರೆ ಬೇಕಾಗುವ ಚಿಕಿತ್ಸಾ ಪೆಟ್ಟಿಗೆಗಳೂ ಅವುಗಳಲ್ಲಿದ್ದವು. ಆಮೇಲೆ ಅವರ ಅಣ್ಣ ಬಂದು, ಜತೆಯಲ್ಲಿ ಕೂತು, ರಾಶಿ ಬಿದ್ದ ಬಿಲ್ಲುಗಳನ್ನು ವಿಂಗಡಿಸಲು ನೆರವಾದರು. ಒಬ್ಬರ ನೆನಪು ಸಾಲದಾದಾಗ ಹೀಗೆ ಕಾಗದವೂ ಒಡಹುಟ್ಟಿದವರೂ ಕೈಗೂಡಿಸಬೇಕಾಗುತ್ತದೆ.

ಇದು ಬರೀ ನೆನಪಿನ ಮಾತಲ್ಲ, ಬದುಕಿನ ಮಾತು. ಸಿಹಿಯಷ್ಟೇ ನೆನಪಿರುವ ರೋಗಿಗೆ ಮಾತ್ರೆ ಏಕೆ ಎನಿಸುತ್ತದೆ. ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಉನ್ಮಾದಕ್ಕೆ ಲಿಥಿಯಂ ಫಲಕಾರಿ ಎಂದು ತೋರಿಸಿಕೊಟ್ಟರು. ಅದೇ ಲಿಥಿಯಂ ನಮ್ಮ ಮಾಮುವನ್ನು ವರ್ಷಗಟ್ಟಲೆ ನೆಲದ ಮೇಲೆ ನಿಲ್ಲಿಸಿದೆ. ಎರಡು ಸಲ ಅವರು ಯಾರಿಗೂ ಹೇಳದೆ ಅದನ್ನು ಬಿಟ್ಟರು. ಎರಡು ಸಲವೂ ಕಾಯಿಲೆ ಮರಳಿತು. ಇತ್ತ ಕಹಿಯಷ್ಟೇ ನೆನಪಿರುವ ಬಂಧುಬಳಗ ಮದುವೆಮನೆಗಳಲ್ಲಿ ಹನ್ನೊಂದು ಯಂತ್ರಗಳ ಕಥೆಯನ್ನು ಅವರೆದುರೇ ಹೇಳಿ ನಗುತ್ತದೆ. ಹಾಗೆ ನಗೆಗೀಡಾದ ಮನುಷ್ಯ ಮುಂದಿನ ಸಲ ನಿದ್ದೆ ಕೆಟ್ಟಾಗ ಮನೆಯವರ ಹತ್ತಿರ ಬಾಯಿಬಿಟ್ಟಾನೆಯೇ?

ದಾರಿ ಹುಡುಕಿದ್ದು ಮಾಮುವಿನ ಹೆಂಡತಿ, ನಮ್ಮ ಮುಮಾನಿ. ಏಳನೇ ಇಯತ್ತೆ ಓದಿದ ಹೆಂಗಸು. ಮಕ್ಕಳ ಹಳೆಯ ನೋಟುಬುಕ್ಕಿನಲ್ಲಿ ತಾರೀಖು, ನಿದ್ದೆ ಮಾಡಿದ ಗಂಟೆ, ಮಾತಿನ ವೇಗ, ಖರ್ಚು ಇಷ್ಟನ್ನೇ ಬರೆದಿಡುತ್ತಾರೆ. ಬೈಗುಳ ಬರೆಯುವುದಿಲ್ಲ. ಮಾಮು ನೆಟ್ಟಗಿರುವಾಗ ಇಬ್ಬರೂ ಕೂತು ಓದುತ್ತಾರೆ. ಅವರಿಗೆ ನೆನಪಿರುವುದನ್ನು ಅವರೂ ಪಕ್ಕದಲ್ಲಿ ಬರೆಯುತ್ತಾರೆ. ಪ್ರತಿ ಸಲವೂ ಮೊದಲು ಹೋದದ್ದು ನಿದ್ದೆ ಎಂಬುದು ಅವರಿಗೆ ತಿಳಿದದ್ದೇ ಆ ಪುಟಗಳಿಂದ. ಈಗ ಎರಡು ರಾತ್ರಿ ನಿದ್ದೆ ತಪ್ಪಿದರೆ ತಾವೇ ವೈದ್ಯರಲ್ಲಿಗೆ ಹೊರಡುತ್ತಾರೆ.

ಇದಕ್ಕೆ ಕಾನೂನಿನ ಬೆಂಬಲವೂ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ತಿಳಿವು ನೆಟ್ಟಗಿರುವಾಗಲೇ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ, ತನ್ನ ಪರವಾಗಿ ಯಾರು ನಿಲ್ಲಬೇಕು ಎಂಬುದನ್ನು ವಯಸ್ಕರು ಮುಂಚಿತವಾಗಿ ಬರೆದಿಡಬಹುದು. ಮಾಮು ಮುಮಾನಿಯ ಹೆಸರು ಬರೆದಿದ್ದಾರೆ. ದೊಡ್ಡ ಮಾಮುವಿಗೆ ಅದು ಸರಿಬಂದಿಲ್ಲ.

ಬೀಗರ ವಿಷಯವನ್ನು ಮಾಮು ಮುಮಾನಿಯ ಬಾಯಿಂದ ಪೂರ್ತಿ ಕೇಳಿದರು. “ನನಗೆ ನೆನಪಿಲ್ಲ. ಆದರೆ ನಡೆದದ್ದು ನಿಜ” ಎಂದರು. ಮರುದಿನ ತಾವೇ ಬೀಗರ ಮನೆಗೆ ಹೋಗಿ ಮಾಫಿ ಕೇಳಿ ಬಂದರು. ನೆನಪಿಲ್ಲದ ತಪ್ಪಿಗೂ ಕ್ಷಮೆ ಕೇಳುವಷ್ಟು ದೊಡ್ಡ ಮನಸ್ಸು ಅವರಿಗಿದೆ. ಆ ಕಥೆಯನ್ನು ಮದುವೆಮನೆಗಳಲ್ಲಿ ಎತ್ತದಿರುವಷ್ಟಾದರೂ ಮನಸ್ಸು ಉಳಿದವರಿಗೆ ಬೇಡವೇ?